ಬೇಟೆ ಸಫಾರಿಗೆ ಬಟ್ಟೆ, ಬೂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾಕ್ಕೆ ಬೇಟೆಗೆ ಹೊರಟವರು ರೈಫಲ್ ಬಗ್ಗೆ ಆರು ತಿಂಗಳು ತಲೆ ಕೆಡಿಸಿಕೊಳ್ಳುತ್ತಾರೆ. ಬೂಟು ನೆನಪಾಗುವುದು ಮಾತ್ರ ಹೊರಡುವ ಹಿಂದಿನ ವಾರ. ನಾನು ನಮೀಬಿಯಾ, ಜಿಂಬಾಬ್ವೆಗಳಲ್ಲಿ ಕೆಲವು ಸೀಸನ್ ಬೇಟೆಗಾರರ ಜೊತೆ ನಡೆದಿದ್ದೇನೆ. ಬೇಟೆ ಕೆಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನ ಸಲ ಕಾರಣ ಎರಡರಲ್ಲಿ ಒಂದು: ಪ್ಯಾಂಟು ಸದ್ದು ಮಾಡಿತು, ಇಲ್ಲವೇ ಬೂಟು ಕಾಲು ಕಚ್ಚಿತು. ಹಾಗಾಗಿ ಹೊರಡುವವರು ನನ್ನನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಆಫ್ರಿಕಾ ಅಂದರೆ ಬಿಸಿಲೇ ಅಲ್ವಾ? ಸ್ವೆಟರ್ ಯಾಕೆ?

ಭೂಮಧ್ಯರೇಖೆಯಿಂದ ಕೆಳಗೆ ಜೂನ್, ಜುಲೈ, ಆಗಸ್ಟ್ ಚಳಿಗಾಲ. ಬೇಟೆಗೆ ಒಳ್ಳೆಯ ಕಾಲವೂ ಅದೇ. ಹುಲ್ಲು ಒಣಗಿರುತ್ತದೆ, ಪೊದೆಗಳು ಎಲೆ ಉದುರಿಸಿರುತ್ತವೆ, ಪ್ರಾಣಿಗಳು ನೀರಿನ ಹತ್ತಿರ ಸೇರುತ್ತವೆ. ಆದರೆ ನಮೀಬಿಯಾದ ವಿಂಡ್‌ಹುಕ್ ಸುತ್ತಲಿನ ನೆಲ ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಜುಲೈ ತಿಂಗಳ ಕೆಲವು ಬೆಳಗ್ಗೆ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಜಾಗದಲ್ಲಿ 20, 25 ಡಿಗ್ರಿ. ಬೆಳಗಿನ ಜಾವ ತೆರೆದ ಪಿಕಪ್ಪಿನ ಹಿಂದೆ ನಿಂತು ಹೋಗುವಾಗ ಗಾಳಿ ಮುಖಕ್ಕೆ ಬಡಿಯುತ್ತದೆ. ಬೆರಳು ಮರಗಟ್ಟಿದರೆ ಟ್ರಿಗರ್ ಹಿಡಿತವೇ ಗೊತ್ತಾಗುವುದಿಲ್ಲ.

ಒಂದೇ ದಪ್ಪ ಕೋಟು ಬೇಡ. ಒಂದರ ಮೇಲೊಂದು ತೆಳು ಬಟ್ಟೆ ಹಾಕಿಕೊಳ್ಳಿ: ಒಳಗೆ ಬನಿಯನ್ನು, ಮೇಲೆ ಉದ್ದ ತೋಳಿನ ಅಂಗಿ, ಅದರ ಮೇಲೆ ಉಣ್ಣೆಯ ಸ್ವೆಟರ್, ಕೊನೆಗೆ ಗಾಳಿ ತಡೆಯುವ ಜಾಕೆಟ್. ತಲೆಗೆ ಉಣ್ಣೆ ಟೋಪಿ, ಕೈಗೆ ತೆಳು ಗ್ಲೌಸು. ಒಂಬತ್ತು ಗಂಟೆಗೆ ಬಿಸಿಲೇರುತ್ತಿದ್ದ ಹಾಗೆ ಒಂದೊಂದಾಗಿ ಬಿಚ್ಚಿ ಗಾಡಿಯಲ್ಲಿಡಿ.

ಅಕ್ಟೋಬರಿನಲ್ಲಿ ಜಿಂಬಾಬ್ವೆಯ ಉತ್ತರದ ಜಾಂಬೆಜಿ ಕಣಿವೆಗೆ ಹೋಗುವವರ ಕತೆಯೇ ಬೇರೆ. ಅಲ್ಲಿ 40 ಡಿಗ್ರಿ ದಾಟುತ್ತದೆ. ಸ್ವೆಟರ್ ಮನೆಯಲ್ಲೇ ಇರಲಿ.

ಯಾವ ಬಣ್ಣ ಒಳ್ಳೆಯದು?

ಒಣ ಹುಲ್ಲು, ಮಣ್ಣು, ಮಾಸಿದ ಎಲೆ. ಈ ಮೂರರ ಬಣ್ಣದ ಯಾವುದಾದರೂ ಸರಿ. ಖಾಕಿ ಎಂಬ ಮಾತಿಗೆ ಮೂಲದಲ್ಲಿ ಧೂಳಿನ ಬಣ್ಣ ಎಂದೇ ಅರ್ಥ. ದಟ್ಟ ಪೊದೆಗೆ ಕಡು ಹಸಿರು, ಬಯಲಿಗೆ ತುಸು ತಿಳಿ ಬಣ್ಣ. ತೀರಾ ತಿಳಿಯಾದ, ಬಹುತೇಕ ಬಿಳಿ ಅನ್ನಿಸುವ ಖಾಕಿ ಬೇಡ, ಬಿಸಿಲಿಗೆ ದೂರದಿಂದಲೇ ಎದ್ದು ಕಾಣುತ್ತದೆ.

ಗೊರಸಿನ ಪ್ರಾಣಿಗಳ ಕಣ್ಣು ನಮ್ಮ ಹಾಗಲ್ಲ. ನಮಗೆ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಅವಕ್ಕೆ ಎರಡೇ. ಕೆಂಪು, ಕಿತ್ತಳೆ ಅವಕ್ಕೆ ಮಂಕಾಗಿ ಕಾಣುತ್ತವೆ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅಂದರೆ ಜೀನ್ಸ್ ಬೇಡ. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯೂ ಬೇಡ. ಅದು ಬಿಸಿಲಲ್ಲಿ ನೀಲಿಯಾಗಿ ಮಿನುಗುವ ಅಂಶವನ್ನು ಬಟ್ಟೆಯಲ್ಲಿ ಬಿಟ್ಟಿರುತ್ತದೆ. ಘಾಟು ವಾಸನೆಯಿಲ್ಲದ ಸಾದಾ ಸೋಪಿನಲ್ಲಿ ಒಗೆದರೆ ಸಾಕು.

ಬಣ್ಣಕ್ಕಿಂತ ಅಲುಗಾಟ ದೊಡ್ಡದು ಎನ್ನುವುದೂ ನೆನಪಿರಲಿ. ಸರಿಯಾದ ಬಣ್ಣ ಹಾಕಿಕೊಂಡು ಕೈ ಬೀಸಿದವರನ್ನು ಇಂಪಾಲ ಎಂಬ ಜಿಂಕೆ ನೂರು ಮೀಟರಿನಿಂದಲೇ ಪತ್ತೆ ಹಚ್ಚುತ್ತದೆ. ಹೊಳೆಯುವ ಗಡಿಯಾರ, ಬೆಲ್ಟಿನ ಬಕಲ್ ಕೂಡ ಅಷ್ಟೇ ಕೆಟ್ಟವು.

ಸೈನಿಕರ ಥರದ ಮಚ್ಚೆ ಮಚ್ಚೆ ಕ್ಯಾಮೊಫ್ಲಾಜ್ ಹಾಕಬಹುದಾ?

ಬೇಡ. ಜಿಂಬಾಬ್ವೆ, ಜಾಂಬಿಯಾಗಳಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣದಲ್ಲೇ ಬಿಚ್ಚಿಸಿ ಇಟ್ಟುಕೊಳ್ಳಬಹುದು, ಕೇಸೂ ಆಗಬಹುದು. ಬೇರೆ ದೇಶದಲ್ಲಿ ಬೇಟೆ ಮುಗಿಸಿ ಬರೀ ವಿಮಾನ ಬದಲಿಸಲು ಅಲ್ಲಿ ಇಳಿದರೂ ತೊಂದರೆ ತೊಂದರೆಯೇ. ಸಾದಾ ಹಸಿರು, ಸಾದಾ ಕಂದು ಹಾಕಿಕೊಂಡರೆ ಬೇಟೆಗೆ ಏನೂ ಕಡಿಮೆಯಾಗುವುದಿಲ್ಲ.

ನೀಲಿ, ಕಪ್ಪು ಬೇಡ ಅನ್ನುತ್ತಾರಲ್ಲ, ಅದು ನೊಣದ ವಿಷಯಕ್ಕಾ?

ಹೌದು, ತ್ಸೆತ್ಸೆ ನೊಣ. ಜಾಂಬೆಜಿ ಕಣಿವೆ, ಜಾಂಬಿಯಾದ ಲುವಾಂಗ್ವ ಕಣಿವೆ, ತಾಂಜಾನಿಯಾದ ದಕ್ಷಿಣದ ಕಾಡುಗಳಲ್ಲಿ ಜಾಸ್ತಿ. ಅದನ್ನು ಹಿಡಿಯಲು ಅಲ್ಲಲ್ಲಿ ಮರಕ್ಕೆ ನೀಲಿ-ಕಪ್ಪು ಬಟ್ಟೆ ತೂಗುಹಾಕಿರುತ್ತಾರೆ. ಆ ಎರಡು ಬಣ್ಣ ಕಂಡರೆ ಅದು ನುಗ್ಗಿ ಬರುತ್ತದೆ. ನೀವು ನೀಲಿ ಅಂಗಿ ಹಾಕಿಕೊಂಡು ಹೋದರೆ ನಡೆದಾಡುವ ಬಲೆಯಾಗುತ್ತೀರಿ.

ಕಚ್ಚಿದರೆ ಬಿಸಿ ಸೂಜಿ ಚುಚ್ಚಿದ ಹಾಗೆ. ತೆಳು ಬಟ್ಟೆ ಮೈಗೆ ಅಂಟಿಕೊಂಡಿದ್ದರೆ ಅದರ ಮೇಲಿನಿಂದಲೇ ಕಚ್ಚುತ್ತದೆ. ನಿದ್ರಾರೋಗ ಹರಡುವುದೂ ಇದೇ ನೊಣ. ಸ್ವಲ್ಪ ದಪ್ಪ ನೇಯ್ಗೆಯ, ಸಡಿಲವಾದ ಅಂಗಿ ಹಾಕಿ. ಹೆಗಲು, ಬೆನ್ನಿನ ಮೇಲೆ ಬಟ್ಟೆ ಬಿಗಿಯಾಗಿ ಕೂರದಿರಲಿ. ಮೈಗೆ ಹಚ್ಚುವ ಮುಲಾಮುಗಳಿಗೆ ಈ ನೊಣ ಅಷ್ಟಾಗಿ ಹೆದರುವುದಿಲ್ಲ. ಬಟ್ಟೆಯೇ ಕಾವಲು.

ಹತ್ತಿಯಾ, ಸಿಂಥೆಟಿಕ್ಕಾ?

ಬೆಟ್ಟ ಹತ್ತುವವರು ಹತ್ತಿ ಬೇಡ ಅನ್ನುತ್ತಾರೆ, ಒದ್ದೆಯಾದರೆ ಬೇಗ ಒಣಗಲ್ಲ ಅಂತ. ಬೇಟೆಗೆ ನಾನು ಹತ್ತಿಯ ಕಡೆಯೇ. ಹತ್ತಿ ಜಾಸ್ತಿ ಪಾಲಿರುವ ಪಾಲಿಕಾಟನ್ ಕೂಡ ಒಳ್ಳೆಯದು. ಕಾರಣ ಒಂದೇ, ಸದ್ದು.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಗೀರಿ. ಸರ್ರ್ ಅಂದರೆ ವಾಪಸ್ ಇಡಿ. ಆಮೇಲೆ ಪ್ಯಾಂಟು ತೊಟ್ಟು ಹತ್ತು ಹೆಜ್ಜೆ ನಡೆಯಿರಿ. ತೊಡೆಗೆ ತೊಡೆ ಉಜ್ಜುವ ಸದ್ದು ನಿಮಗೇ ಕೇಳಿಸಿದರೆ ಕುಡು ಎಂಬ ದೊಡ್ಡ ಜಿಂಕೆಗೆ ಕೇಳಿಸದೇ ಇರುತ್ತದಾ? ಅದರ ಕಿವಿ ಅಂಗೈಗಿಂತ ದೊಡ್ಡದು, ಎತ್ತ ಬೇಕಾದರೂ ತಿರುಗುತ್ತದೆ.

ಒಂದು ಬೆಳಗ್ಗೆ ಕಾಡೆಮ್ಮೆಗಳ ಜಾಡು ಹಿಡಿದು ಮೂರು ಗಂಟೆ ನಡೆದಿದ್ದೆವು. ಮುಂದಿದ್ದ ಜಾಡುಗಾರ ಕೈ ಎತ್ತಿದ. ನಲವತ್ತು ಹೆಜ್ಜೆ ಆಚೆ ಪೊದೆಯೊಳಗೆ ಒಂದು ಬಾಲ ಅಲ್ಲಾಡುತ್ತಿತ್ತು. ಎಲ್ಲರೂ ನಿಂತೆವು. ನನ್ನ ಪಕ್ಕದವರು ದುರ್ಬೀನು ತೆಗೆಯಲು ಜೇಬಿನ ಮುಚ್ಚಳ ಎಳೆದರು. ವೆಲ್ಕ್ರೋ. ಪರ್ರ್ ಅಂತ ಒಂದೇ ಸದ್ದು. ಪೊದೆಯೆಲ್ಲ ಸಿಡಿದ ಹಾಗಾಯಿತು, ಧೂಳಷ್ಟೇ ಉಳಿಯಿತು. ಅವತ್ತಿನಿಂದ ನಾನು ಜೇಬಿಗೆ ಗುಂಡಿ ಇರುವ ಅಂಗಿಯನ್ನೇ ಹುಡುಕುತ್ತೇನೆ. ನಿಮ್ಮ ಹತ್ತಿರ ಇರುವ ಒಳ್ಳೆಯ ಅಂಗಿಗೆ ವೆಲ್ಕ್ರೋ ಇದ್ದರೆ ದರ್ಜಿ ಹತ್ತಿರ ಕೊಟ್ಟು ಬಿಚ್ಚಿಸಿ ಗುಂಡಿ ಹಾಕಿಸಿ.

ಸಿಂಥೆಟಿಕ್ ಬೇಡ ಅನ್ನಲು ಇನ್ನೂ ಎರಡು ಕಾರಣ ಇವೆ. ರಾತ್ರಿ ಬೆಂಕಿಯ ಸುತ್ತ ಕೂತಾಗ ಒಂದು ಕಿಡಿ ಬಿದ್ದರೆ ತೂತು. ನುಣ್ಣನೆಯ ಬಟ್ಟೆಯಾದರೆ ರೈಫಲ್ಲಿನ ಪಟ್ಟಿ ಹೆಗಲಿನಿಂದ ಜಾರುತ್ತಲೇ ಇರುತ್ತದೆ.

ಉದ್ದ ಪ್ಯಾಂಟಾ, ಚಡ್ಡಿಯಾ? ಅಲ್ಲಿನ ಪ್ರೊಫೆಷನಲ್ ಹಂಟರುಗಳು (ಬೇಟೆಗೆ ಕರೆದೊಯ್ಯುವ ಪರಿಣತರು) ಚಡ್ಡಿಯಲ್ಲೇ ಇರುತ್ತಾರಲ್ಲ?

ಇರುತ್ತಾರೆ. ಬರಿಗಾಲಿಗೆ ಕಡ್ಡಿ ತಾಗಿದರೆ ಸದ್ದಾಗುವುದಿಲ್ಲ, ತಾಗಿದ್ದು ತಕ್ಷಣ ಗೊತ್ತೂ ಆಗುತ್ತದೆ. ಆದರೆ ಅವರ ಮೊಣಕಾಲಿನ ಕೆಳಗೆ ಒಮ್ಮೆ ನೋಡಿ, ಗೀರಿಲ್ಲದ ಜಾಗ ಸಿಗುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಅದು. ಮೊದಲ ಸಲ ಹೋಗುವವರು ಉದ್ದ ಪ್ಯಾಂಟನ್ನೇ ಹಾಕಿ.

ಮುಳ್ಳು ತಮಾಷೆಯಲ್ಲ. ಅಲ್ಲಿ ಬೋರೆಯ ಜಾತಿಯದೇ ಒಂದು ಮರವಿದೆ. ಮುಳ್ಳು ಜೋಡಿ ಜೋಡಿಯಾಗಿರುತ್ತದೆ. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯ ಹಾಗೆ. ನೆಟ್ಟಗಿರುವುದು ಚುಚ್ಚುತ್ತದೆ, ಕೊಕ್ಕೆ ಹಿಡಿದುಕೊಳ್ಳುತ್ತದೆ. ಆಫ್ರಿಕಾನ್ಸ್ ಮಾತಾಡುವವರು ಅದಕ್ಕೆ ಇಟ್ಟ ಹೆಸರಿನಲ್ಲೇ ‘ಸ್ವಲ್ಪ ತಡಿ’ ಎಂಬ ಮಾತಿದೆ. ಸಿಕ್ಕಿಕೊಂಡಾಗ ಮುಂದಕ್ಕೆ ಎಳೆಯಬೇಡಿ. ಒಂದು ಹೆಜ್ಜೆ ಹಿಂದೆ ಸರಿಯಿರಿ, ತಾನೇ ಬಿಡುತ್ತದೆ. ಪ್ಯಾಂಟಿನ ಬಟ್ಟೆ ಒತ್ತಾಗಿ ನೇಯ್ದದ್ದಿರಬೇಕು. ಮೊಣಕಾಲಿನ ಹತ್ತಿರ ಎರಡು ಪದರ ಇದ್ದರೆ ಇನ್ನೂ ಒಳ್ಳೆಯದು. ಕೊನೆಯ ಐವತ್ತು ಮೀಟರನ್ನು ಎಷ್ಟೋ ಸಲ ಮಂಡಿಯೂರಿ, ತೆವಳಿಯೇ ಹೋಗಬೇಕಾಗುತ್ತದೆ.

ಬೂಟು ಎಂಥದ್ದು ಕೊಳ್ಳಲಿ?

ಈ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಬೂಟು ಕೆಟ್ಟರೆ ನಡೆಯುವುದೇ ಇಲ್ಲ.

ಹಗುರವಾಗಿರಲಿ. ಪಾದದ ಗಂಟು ಮುಚ್ಚುವಷ್ಟು ಎತ್ತರ ಸಾಕು. ಅಟ್ಟೆ ಮೆತ್ತಗಿರಬೇಕು, ಆದರೆ ತೆಳ್ಳಗಿರಬಾರದು. ಕಾಲಿನ ಕೆಳಗೆ ಒಣಕಡ್ಡಿ ಇದ್ದರೆ ಭಾರ ಹಾಕುವ ಮುಂಚೆ ಗೊತ್ತಾಗಬೇಕು. ಅದೇ ಹೊತ್ತಿಗೆ ಜಾಲಿ ಜಾತಿಯ ಉದ್ದ ಮುಳ್ಳು ಒಳಗೆ ಇಳಿಯಬಾರದು. ಕ್ಯಾಮೆಲ್ ಥಾರ್ನ್ ಎನ್ನುವ ಮರದ ಮುಳ್ಳು ಗಾಡಿಯ ಟೈರಿಗೇ ಇಳಿಯುತ್ತದೆ, ಓಡುವ ಬೂಟಿನ ಸ್ಪಂಜಿನ ಅಟ್ಟೆ ಯಾವ ಲೆಕ್ಕ? ಆಳ ಗೀರುಗಳ ದಪ್ಪ ಪರ್ವತಾರೋಹಣದ ಬೂಟೂ ಬೇಡ. ಆ ಗೀರುಗಳಲ್ಲಿ ಕಲ್ಲು ಸಿಕ್ಕಿಕೊಂಡು ಪ್ರತಿ ಹೆಜ್ಜೆಗೂ ಕರಕರ ಅನ್ನುತ್ತದೆ.

ನೀರು ಒಳಗೆ ಬಾರದಂಥ ಪೊರೆ ಇರುವ ಬೂಟು ಒಣಗಾಲಕ್ಕೆ ಬೇಕಿಲ್ಲ. ಕಾಲು ಒಳಗೇ ಬೆವರಿ ಬೇಯುತ್ತದೆ. ತೊಗಲು ಅಥವಾ ತೊಗಲು-ಕ್ಯಾನ್ವಾಸ್ ಸೇರಿದ್ದು ಸಾಕು.

ದಕ್ಷಿಣ ಆಫ್ರಿಕಾದಲ್ಲಿ ‘ಫೆಲ್ಟ್‌ಸ್ಕೂನ್’ ಎಂಬ ಸಾದಾ ತೊಗಲಿನ ಬೂಟಿದೆ. ಪ್ರೀತಿಯಿಂದ ‘ಫೆಲ್ಲೀಸ್’ ಅನ್ನುತ್ತಾರೆ. ಅಲ್ಲಿನ ಮೂಲನಿವಾಸಿ ಖೋಯಿಖೋಯಿ ಜನರ ಪಾದರಕ್ಷೆಯಿಂದ ಬಂದದ್ದು. ಮೆತ್ತಗೆ, ಹಗುರ, ಸದ್ದಿಲ್ಲ. ಜಿಂಬಾಬ್ವೆಯ ಬುಲಾವಾಯೋದಲ್ಲಿ ತಯಾರಾಗುವ ಕೋರ್ಟ್ನಿ ಬೂಟು ಕೂಡ ಬೇಟೆಗಾರರ ನಡುವೆ ಹೆಸರುವಾಸಿ. ಹಿಂದಿನ ಕಾಲದ ಬೇಟೆಗಾರ ಫ್ರೆಡರಿಕ್ ಕೋರ್ಟ್ನಿ ಸೆಲೂಸ್ ಹೆಸರು ಅದಕ್ಕೆ. ಇವನ್ನೇ ಕೊಳ್ಳಿ ಅನ್ನುವುದಿಲ್ಲ. ನಿಮ್ಮ ಕಾಲಿಗೆ ಹೊಂದುವುದೇ ನಿಮ್ಮ ಬೂಟು.

ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಬೇಟೆಯ ದಿನವೂ ಹಾಗೇ ಊದುತ್ತದೆ. ಅಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಹೆಬ್ಬೆರಳಿನ ಮುಂದೆ ಬೆರಳಗಲ ಜಾಗ ಇರಲಿ, ಹಿಮ್ಮಡಿ ಮೇಲಕ್ಕೆ ಏಳದಿರಲಿ.

ಹೊಸ ಬೂಟು ಪಳಗಿಸಲು ಎಷ್ಟು ದಿನ ಬೇಕು?

ಒಂದೂವರೆ, ಎರಡು ತಿಂಗಳು ಇಟ್ಟುಕೊಳ್ಳಿ. ಮೊದಲು ಮನೆಯೊಳಗೆ, ಆಮೇಲೆ ರಸ್ತೆಯಲ್ಲಿ, ಆಮೇಲೆ ಕಲ್ಲುಮಣ್ಣಿನ ದಾರಿಯಲ್ಲಿ. ಕೊನೆಯ ಎರಡು ವಾರ ಒಂದೇ ಸಲಕ್ಕೆ ಹತ್ತು ಕಿಲೋಮೀಟರ್ ನಡೆದು ನೋಡಿ. ಕಾಡೆಮ್ಮೆ ಬೇಟೆಯಲ್ಲಿ ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಯುವುದು ದೊಡ್ಡ ಮಾತಲ್ಲ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಬ್ಬರು ಹೊಚ್ಚ ಹೊಸ ಬೂಟಿನಲ್ಲಿ ಬಂದಿದ್ದರು. ಎರಡನೇ ದಿನಕ್ಕೇ ಎರಡೂ ಹಿಮ್ಮಡಿಯಲ್ಲಿ ರೂಪಾಯಿಯಗಲದ ಗುಳ್ಳೆ. ಮೂರನೇ ದಿನ ಮಧ್ಯಾಹ್ನ ಅವರ ಗುಂಡು ಒಂದು ಕುಡುವಿಗೆ ಸ್ವಲ್ಪ ಹಿಂದಕ್ಕೆ ಬಿತ್ತು. ಗಾಯಗೊಂಡ ಪ್ರಾಣಿ ಬೆಟ್ಟದ ಕಡೆ ಹೋಯಿತು. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಅವರಿಗೆ ಕಾಲೂರಲು ಆಗಲಿಲ್ಲ, ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಅವರನ್ನು ಮರದ ಕೆಳಗೆ ಕೂರಿಸಿ ನಾನು ಜೊತೆಗಿದ್ದೆ. ಪ್ರೊಫೆಷನಲ್ ಹಂಟರ್, ಜಾಡುಗಾರ ಮುಂದೆ ಹೋದರು. ಕತ್ತಲಾಯಿತು, ವಾಪಸ್ ಬಂದರು. ಕುಡು ಸಿಕ್ಕಿದ್ದು ಮರುದಿನ ಬೆಳಗ್ಗೆ. ಆ ರಾತ್ರಿ ಅವರು ಊಟ ಮಾಡಲಿಲ್ಲ. ಗುಂಡು ಹಾರಿಸಿದವನು ಕೊನೆಯವರೆಗೂ ಆ ಪ್ರಾಣಿಯ ಹಿಂದೆ ಹೋಗಲೇಬೇಕು. ಆ ಸಾಲ ತೀರಿಸುವುದು ಕಾಲು.

ಬೀರುವಿನಲ್ಲಿ ಹಳೆಯ ಒಳ್ಳೆಯ ಬೂಟು ಇದೆ, ಅದೇ ಆಗಲ್ವಾ?

ಪಳಗಿದ ಬೂಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅಟ್ಟೆಯ ನಡುವಿನ ಪದರ ಪಾಲಿಯುರೆಥೇನ್ ಆಗಿದ್ದರೆ ಹುಷಾರು. ಹಾಕದೇ ವರ್ಷಗಟ್ಟಲೆ ಇಟ್ಟರೆ ಗಾಳಿಯ ತೇವಕ್ಕೇ ಅದು ಒಳಗಿನಿಂದ ಸಾಯುತ್ತದೆ. ಮೇಲೆ ನೋಡಿದರೆ ಹೊಸದರ ಹಾಗೇ ಇರುತ್ತದೆ. ನನ್ನ ಒಂದು ಜೊತೆ ಹೀಗೇ ಆಯಿತು. ನಡೆಯಲು ಶುರು ಮಾಡಿ ಒಂದು ಗಂಟೆಯಾಗಿತ್ತು, ಕಾಲಿನ ಕೆಳಗೆ ಏನೋ ಮೆತ್ತಗಾಯಿತು. ಎತ್ತಿ ನೋಡಿದರೆ ನಡುವಿನ ಪದರ ಹಳೆಯ ಬಿಸ್ಕತ್ತಿನ ಹಾಗೆ ಪುಡಿಪುಡಿ, ಅಟ್ಟೆ ನಾಲಿಗೆಯ ಹಾಗೆ ಜೋತಾಡುತ್ತಿತ್ತು. ದಾರದಿಂದ ಬಿಗಿದು ಗಾಡಿಯವರೆಗೆ ಬಂದೆ.

ಹೊರಡುವ ತಿಂಗಳ ಮುಂಚೆ ಅಟ್ಟೆಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಆಸೆ ಬಿಡಿ. ಚೆನ್ನಾಗಿದ್ದರೂ ನಾಲ್ಕು ದಿನ ಹಾಕಿ ನಡೆದು ನೋಡಿಯೇ ಒಯ್ಯಿರಿ.

ಕಾಲುಚೀಲ?

ಮೆರಿನೋ ಉಣ್ಣೆಯದು, ಮೂರು ನಾಲ್ಕು ಜೊತೆ. ಬಿಸಿಲಿಗೂ ಉಣ್ಣೆಯೇ ವಾಸಿ, ಒದ್ದೆಯಾದರೂ ಚರ್ಮಕ್ಕೆ ಉಜ್ಜುವುದಿಲ್ಲ. ಒಂದೇ ತೊಂದರೆ, ಹುಲ್ಲಿನ ಬೀಜ. ಚೂಪು ಮೂತಿಯ ಬೀಜಗಳು ಉಣ್ಣೆಯೊಳಗೆ ಸೂಜಿಯ ಹಾಗೆ ತೂರಿ ನಡೆಯುತ್ತಾ ನಡೆಯುತ್ತಾ ಚರ್ಮ ಮುಟ್ಟುತ್ತವೆ. ಅದಕ್ಕೇ ಬೂಟಿನ ಬಾಯಿ ಮುಚ್ಚುವ ಗಿಡ್ಡ ಗೇಟರ್ ಒಂದು ಜೊತೆ ಇಟ್ಟುಕೊಳ್ಳಿ, ಕ್ಯಾನ್ವಾಸಿನದು. ಎತ್ತರದ ಹುಲ್ಲಿನಲ್ಲಿ ನಡೆದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಉಣ್ಣಿ, ಸೊಳ್ಳೆಗೆ ಬಟ್ಟೆಯಿಂದ ಏನು ಮಾಡಬಹುದು?

ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆಂದ ಇಲ್ಲ, ಇರಲಿ. ಮೆಣಸಿನ ಪುಡಿಯಷ್ಟು ಸಣ್ಣ ಉಣ್ಣಿಮರಿಗಳು ಹುಲ್ಲಿನ ತುದಿಯಲ್ಲಿ ಕಾಯುತ್ತಿರುತ್ತವೆ. ಅಲ್ಲಿ ಉಣ್ಣಿಜ್ವರ ಸಾಮಾನ್ಯ. ಕಚ್ಚಿದ ಜಾಗದಲ್ಲಿ ಕಪ್ಪು ಹೊಪ್ಪಳೆ ಕಟ್ಟಿ, ಕೆಲವು ದಿನಕ್ಕೆ ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಆಫ್ರಿಕಾಕ್ಕೆ ಹೋಗಿದ್ದನ್ನು ಹೇಳಿ.

ಪರ್ಮೆಥ್ರಿನ್ ಎಂಬ ಔಷಧಿಯನ್ನು (ಬಟ್ಟೆಗೆ ಹೊಡೆಯುವುದು 0.5 ಪರ್ಸೆಂಟಿನದು) ಪ್ಯಾಂಟು, ಕಾಲುಚೀಲ, ಬೂಟಿಗೆ ಸಿಂಪಡಿಸಿ ಪೂರ್ತಿ ಒಣಗಿಸಿ. ಕೆಲವು ಒಗೆತದವರೆಗೆ ಉಳಿಯುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಒಣಗುವವರೆಗೂ ದೂರ ಇಡಿ, ಬೆಕ್ಕಿಗೆ ಅದು ವಿಷ. ಸೊಳ್ಳೆ ಬರದಂತೆ ಮೈಗೆ ಹಚ್ಚುವ ಡೀಟ್ ಬೇರೆ. ಅದು ಪ್ಲಾಸ್ಟಿಕ್ಕನ್ನು, ವಾರ್ನಿಷನ್ನು ಕರಗಿಸುತ್ತದೆ. ಹಚ್ಚಿದ ಕೈಯಲ್ಲಿ ರೈಫಲ್ಲಿನ ಮರದ ಹಿಡಿ, ಕನ್ನಡಕ ಮುಟ್ಟಬೇಡಿ.

ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಹಗಲೆಲ್ಲ ಮೈ ಮುಚ್ಚಿಕೊಂಡಿದ್ದು ಸಂಜೆ ಸ್ನಾನ ಮಾಡಿ ಚಡ್ಡಿಯಲ್ಲಿ ಕೂರುತ್ತಾರೆ ಎಷ್ಟೋ ಜನ. ಬೆಂಕಿಯ ಹತ್ತಿರ ಕೂರುವಾಗಲೇ ಉದ್ದ ತೋಳು, ಉದ್ದ ಪ್ಯಾಂಟು ಬೇಕು. ಮಾತ್ರೆಯ ವಿಷಯ ಡಾಕ್ಟರನ್ನು ಕೇಳಿ, ಬಟ್ಟೆ ಅದರ ಬದಲಿಗಲ್ಲ.

ಕ್ಯಾಂಪಿನಲ್ಲಿ ಬನಿಯನ್ನಿಗೂ ಇಸ್ತ್ರಿ ಹಾಕಿ ಕೊಡುತ್ತಾರಂತೆ, ಯಾಕೆ?

ಪುಟ್ಸಿ ನೊಣಕ್ಕೆ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯಲ್ಲಿ ಇದು ಮೊಟ್ಟೆ ಇಡುತ್ತದೆ. ಮೈಯ ಬಿಸಿಗೆ ಮರಿ ಹೊರಬಂದು ಚರ್ಮದೊಳಗೆ ಸೇರಿ ಕುರುವಿನ ಹಾಗೆ ಬೆಳೆಯುತ್ತದೆ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಯ ಬಿಸಿಗೆ ಮೊಟ್ಟೆ ಸಾಯುತ್ತದೆ. ಒಳಉಡುಪನ್ನು ನೀವೇ ಒಗೆದುಕೊಳ್ಳುವ ರೂಢಿ ಕೆಲವು ಕ್ಯಾಂಪಿನಲ್ಲಿದೆ. ಹಾಗಿದ್ದರೆ ಟೆಂಟಿನ ಜಾಲರಿಯೊಳಗೇ ಒಣಹಾಕಿ, ಹೊರಗಿನ ಹಗ್ಗಕ್ಕೆ ಹಾಕಬೇಡಿ.

ಹಾಗಾದರೆ ಎಷ್ಟು ಜೊತೆ ಬಟ್ಟೆ ಒಯ್ಯಲಿ?

ಮೂರು ಜೊತೆ. ಒಂದು ಮೈಮೇಲೆ, ಒಂದು ಒಗೆಯಲು, ಒಂದು ಬೀರುವಿನಲ್ಲಿ. ಹೆಚ್ಚಿನ ಕ್ಯಾಂಪುಗಳಲ್ಲಿ ದಿನಾ ಒಗೆದು ಕೊಡುತ್ತಾರೆ. ಸಣ್ಣ ಬಾಡಿಗೆ ವಿಮಾನದಲ್ಲಿ ಹೋಗಬೇಕಾದರೆ ಕೈಚೀಲವೂ ಸೇರಿ 15 ಅಥವಾ 20 ಕೆ.ಜಿ. ಮಿತಿ ಇರುತ್ತದೆ, ಅದೂ ಮೆತ್ತನೆಯ ಚೀಲವೇ ಆಗಬೇಕು. ಬಟ್ಟೆ ಸುತ್ತಲು ಪ್ಲಾಸ್ಟಿಕ್ ಚೀಲ ಬೇಡ. ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ಅದನ್ನು ನಿಷೇಧಿಸಿವೆ. ಬಟ್ಟೆಯ ಚೀಲ ಒಯ್ಯಿರಿ.

ಬೂಟನ್ನು ಮಾತ್ರ ಚೀಲಕ್ಕೆ ಹಾಕಬೇಡಿ. ಕಾಲಿಗೆ ಹಾಕಿಕೊಂಡೇ ವಿಮಾನ ಹತ್ತಿ. ಚೀಲ ಕಳೆದುಹೋದರೆ ಅಂಗಿ ಯಾರಾದರೂ ಕೊಡುತ್ತಾರೆ, ರೈಫಲ್ ಬಾಡಿಗೆಗೆ ಸಿಗುತ್ತದೆ. ಪಳಗಿದ ಬೂಟು ಎಲ್ಲಿಂದ ತರುತ್ತೀರಿ? ಸಂಜೆ ಹಾಕಿಕೊಳ್ಳಲು ಒಂದು ಜೊತೆ ಹಗುರ ಶೂ ಸಾಕು. ಲೇಸು ಮಾತ್ರ ಹೆಚ್ಚಿಗೆ ಇರಲಿ.

ಟೋಪಿ?

ಸುತ್ತ ಅಂಚಿರುವುದು. ಕ್ಯಾಪಿನಲ್ಲಿ ಕಿವಿ, ಕತ್ತು ಸುಡುತ್ತವೆ. ಅಂಚು ತೀರಾ ಅಗಲವಾಗಿದ್ದರೆ ಪೊದೆಗೆ ಸಿಕ್ಕುತ್ತದೆ, ರೈಫಲ್ಲಿನ ಮೇಲಿನ ದುರ್ಬೀನಿಗೂ (ಸ್ಕೋಪ್) ತಾಗುತ್ತದೆ. ಮೂರು ಬೆರಳಗಲ ಅಂಚು, ಗದ್ದಕ್ಕೆ ಕಟ್ಟುವ ದಾರ ಇದ್ದರೆ ಸರಿ.

ಚಿರತೆಗೆ ಮರೆಯಲ್ಲಿ ಕೂರುವಾಗ ಬೇರೆ ಬಟ್ಟೆ ಬೇಕಾ?

ಬೇಕು. ಮಧ್ಯಾಹ್ನ ಮೂರಕ್ಕೆ ಕೂತರೆ ಕತ್ತಲಾಗುವವರೆಗೆ ಕೆಮ್ಮುವ ಹಾಗಿಲ್ಲ, ಕಾಲು ಚಾಚುವ ಹಾಗಿಲ್ಲ. ಹೋಗುವಾಗ ಸೆಕೆ, ಸೂರ್ಯ ಇಳಿದ ಅರ್ಧ ಗಂಟೆಗೆ ನಡುಕ. ಅಲ್ಲಿ ಕೂತು ಜಿಪ್ ಎಳೆಯುವುದು ಆಗದ ಮಾತು. ಹಾಗಾಗಿ ಕೂರುವ ಮುಂಚೆಯೇ ಬೆಚ್ಚನೆಯ ಬಟ್ಟೆ ಹೆಗಲ ಮೇಲೆ ಹೊದ್ದು, ಮುಂದೆ ತೆರೆದಿಟ್ಟುಕೊಳ್ಳಿ. ಉಣ್ಣೆ ಅಥವಾ ಫ್ಲೀಸ್ (ಉಣ್ಣೆಯ ಹಾಗೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆ), ಕಡು ಬಣ್ಣದ್ದು. ಇಲ್ಲಿ ಮಾತ್ರ ಫ್ಲೀಸಿಗೆ ನನ್ನ ಒಪ್ಪಿಗೆ ಇದೆ. ಸದ್ದಿಲ್ಲ, ಮುಳ್ಳೂ ಇಲ್ಲ, ಬೆಂಕಿಯೂ ಇಲ್ಲ. ಸೆಂಟು, ವಾಸನೆಯ ಎಣ್ಣೆ ಯಾವುದೂ ಬೇಡ.

ಹೆಂಗಸರಿಗೆ ಬೇರೆ ಏನಾದರೂ?

ಗಂಡಸರ ಬೂಟಿನ ಸಣ್ಣ ಸೈಜು ಕೊಳ್ಳಬೇಡಿ, ಹಿಮ್ಮಡಿ ಸಡಿಲವಾಗಿ ಗುಳ್ಳೆ ಏಳುತ್ತದೆ. ಹೆಂಗಸರ ಅಚ್ಚಿನಲ್ಲಿ ಮಾಡಿದ್ದನ್ನೇ ಹುಡುಕಿ. ಗುಂಡಿ ದಾರಿಯಲ್ಲಿ ಗಾಡಿ ದಿನವಿಡೀ ಕುಲುಕುತ್ತದೆ, ಸ್ಪೋರ್ಟ್ಸ್ ಬ್ರಾ ಇದ್ದರೆ ಆರಾಮ. ಬಂದೂಕಿನ ಹಿಡಿ ಕೂರುವ ಹೆಗಲಿನ ಜಾಗದಲ್ಲಿ ಪಟ್ಟಿ, ಕೊಕ್ಕೆ ಬರದ ಹಾಗೆ ನೋಡಿಕೊಳ್ಳಿ.

ವಾಪಸ್ ಬರುವಾಗ ಏನು ನೆನಪಿಡಬೇಕು?

ಎಲ್ಲ ಜೇಬಿಗೂ ಕೈ ಹಾಕಿ ನೋಡಿ. ಒಳಜೇಬು, ಗ್ಲೌಸಿನ ಬೆರಳು, ಬೂಟಿನೊಳಗೆ ಕೂಡ. ಮರೆತ ಒಂದು ತೋಟಾ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಠಾಣೆಯವರೆಗೆ ಒಯ್ಯಬಹುದು.

ಬೂಟಿನ ಮಣ್ಣು ತೆಗೆಯಿರಿ. ಬೋಟ್ಸ್ವಾನಾದಲ್ಲಿ ದನಗಳ ಕಾಲುಬಾಯಿ ರೋಗ ತಡೆಯಲು ಹಾಕಿದ ಬೇಲಿಗಳ ಹತ್ತಿರ ಗಾಡಿ ನಿಲ್ಲಿಸಿ, ಔಷಧಿಯಲ್ಲಿ ನೆನೆಸಿದ ಗೋಣಿಯ ಮೇಲೆ ಕಾಲಿಡಿಸುತ್ತಾರೆ. ಚೀಲದಲ್ಲಿರುವ ಬೂಟನ್ನೂ ತೆಗೆಸಿ ಅದ್ದಿಸಬಹುದು. ಸಿಟ್ಟಾಗಬೇಡಿ, ಅಲ್ಲಿನವರ ಬದುಕೇ ದನ. ಕ್ಯಾಂಪಿನ ಕೊನೆಯ ಸಂಜೆ ಅರ್ಧ ಗಂಟೆ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಟ್ಟೆಯ ಗೀರುಗಳನ್ನೆಲ್ಲ ಉಜ್ಜಿ, ಲೇಸು ಬಿಚ್ಚಿ ತೊಳೆಯಿರಿ. ಬೀಜ, ಮಣ್ಣು ಅಲ್ಲೇ ಉಳಿಯಲಿ. ಬೂಟನ್ನು ನೆರಳಲ್ಲಿ ಒಣಗಿಸಿ. ಬೆಂಕಿಯ ಪಕ್ಕ ಇಡಬೇಡಿ, ತೊಗಲು ಬಿರುಕು ಬಿಡುತ್ತದೆ. ಬೆಳಗ್ಗೆ ಹಾಕಿಕೊಳ್ಳುವ ಮುಂಚೆ ತಲೆಕೆಳಗೆ ಮಾಡಿ ಕೊಡವಿ, ಚೇಳಿಗೂ ಬೆಚ್ಚನೆಯ ಬೂಟು ಇಷ್ಟ.